ಬಿರುಗಾಳಿ ಬೀಸಿ ಹೋದ ಮೇಲೆ: ಕರೆಂಟಿಲ್ಲದ ಮನೆ, ಮುಚ್ಚಿದ ಶಾಲೆ – ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿ ನಿಂತು ಜನ ಬಾಗಿಲು ತೆಗೆದು ಹೊರಗೆ ಬಂದ ಹೊತ್ತಿನಿಂದಲೇ ಇನ್ನೊಂದು ಬಗೆಯ ಅಪಾಯ ಶುರುವಾಗುತ್ತದೆ. ನೆಲಕ್ಕೆ ಬಿದ್ದ ತಂತಿ, ಮನೆಯೊಳಗೆ ಓಡಿಸಿದ ಜನರೇಟರ್, ಹಳಸಿದ ಊಟ, ಶಾಲೆ ಇಲ್ಲವೆಂದು ಬೀದಿಗಿಳಿದ ಮಕ್ಕಳು. ಇವುಗಳಿಂದ ಆಗುವ ಸಾವುನೋವನ್ನು ತಪ್ಪಿಸಬಹುದು. ಅದಕ್ಕೇ ಜೀವಕ್ಕೆ ಕುತ್ತು ತರುವ ವಿಷಯಗಳನ್ನು ಮೊದಲಿಗೆ ಇಟ್ಟಿದ್ದೇವೆ. ಮೊಬೈಲಿನಲ್ಲಿ ಚಾರ್ಜ್ ಕಡಿಮೆ ಇದ್ದರೆ ಮೊದಲ ನಾಲ್ಕು ಉತ್ತರಗಳನ್ನಾದರೂ ಓದಿಕೊಳ್ಳಿ.

ಮನೆ ಮುಂದೆ ತಂತಿ ಬಿದ್ದಿದೆ. ಊರಿಗೆಲ್ಲ ಕರೆಂಟ್ ಹೋಗಿದೆಯಲ್ಲ, ಅದನ್ನು ಬದಿಗೆ ಸರಿಸಬಹುದೇ?

ಬೇಡ. ಕಿಡಿ ಹಾರದಿದ್ದರೂ, ಸದ್ದಿಲ್ಲದಿದ್ದರೂ ಆ ತಂತಿಯಲ್ಲಿ ವಿದ್ಯುತ್ ಇರಬಹುದು. ಒಣ ನೆಲ, ಡಾಂಬರು, ಜಲ್ಲಿಯ ಮೇಲೆ ಬಿದ್ದ ತಂತಿಯಿಂದ ಭೂಮಿಗೆ ಹರಿಯುವ ಕರೆಂಟ್ ಕಡಿಮೆ. ಅಷ್ಟಕ್ಕೆ ಸಬ್‌ಸ್ಟೇಷನ್ನಿನ ಬ್ರೇಕರ್ ಟ್ರಿಪ್ ಆಗದೇ ಇರಬಹುದು. ಒಂದು ವೇಳೆ ಟ್ರಿಪ್ ಆಗಿದ್ದರೂ ಹಲವು ಲೈನುಗಳಲ್ಲಿ ರಿಕ್ಲೋಸರ್ ಎಂಬ ಸಾಧನವಿರುತ್ತದೆ. ಅದು ಕೆಲವೇ ಸೆಕೆಂಡುಗಳಲ್ಲಿ ತಾನಾಗಿಯೇ ಲೈನನ್ನು ಮತ್ತೆ ಚಾಲೂ ಮಾಡುತ್ತದೆ. ಇದು ಸಾಲದೆಂಬಂತೆ, ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಬಂದ ವಿದ್ಯುತ್ತೂ ಅದರಲ್ಲಿರಬಹುದು.

ಕನಿಷ್ಠ 10 ಮೀಟರ್ ದೂರ ನಿಲ್ಲಿ. ತಂತಿಗೆ ತಾಗಿಕೊಂಡಿರುವ ಕಬ್ಬಿಣದ ಬೇಲಿ, ಗೇಟು, ಬಟ್ಟೆ ಒಣಹಾಕುವ ತಂತಿ, ಒದ್ದೆ ಮರ, ನಿಂತ ನೀರು ಎಲ್ಲವನ್ನೂ ತಂತಿಯೆಂದೇ ಎಣಿಸಿ. ಒಣ ಕೋಲಿನಿಂದ ಸರಿಸುವ ಸಾಹಸವೂ ಬೇಡ. ಹೈಟೆನ್ಷನ್ ಲೈನಿನ ಮುಂದೆ ಕೋಲು, ರಬ್ಬರ್ ಚಪ್ಪಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ತಿರುಗಿ ಓಡಬೇಡಿ. ತಂತಿ ಬಿದ್ದ ಜಾಗದ ಸುತ್ತ ನೆಲದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜ್ ಬೇರೆಬೇರೆ ಇರುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಆ ವ್ಯತ್ಯಾಸ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಅಂಗಾಲು ಉಜ್ಜಿಕೊಂಡೇ ದೂರ ಸರಿಯಿರಿ.

ನಾವು ಕಾರಿನಲ್ಲಿರುವಾಗ ತಂತಿ ಮೇಲೆ ಬಿದ್ದರೆ?

ಒಳಗೇ ಕುಳಿತು ಫೋನ್ ಮಾಡಿ. ಹತ್ತಿರ ಬರುವವರನ್ನು ಕೂಗಿ ತಡೆಯಿರಿ. ಬೆಂಕಿ ಹತ್ತಿದರೆ ಮಾತ್ರ ಇಳಿಯಬೇಕು. ಆಗಲೂ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟುವಂತಿಲ್ಲ. ಎರಡೂ ಕಾಲು ಜೋಡಿಸಿ ಹೊರಕ್ಕೆ ಜಿಗಿದು, ಮೇಲೆ ಹೇಳಿದಂತೆ ಪಾದ ಉಜ್ಜಿಕೊಂಡು ದೂರ ಹೋಗಿ.

ಜನರೇಟರ್ ಎಲ್ಲಿಡಬೇಕು? ಮಳೆ ಬರುತ್ತಿದೆ, ಕಿಟಕಿ ತೆಗೆದು ಒಳಗಿಟ್ಟರೆ ಆಗದೇ?

ಆಗದು. ಕಿಟಕಿ ತೆಗೆದಿದ್ದರೂ, ಕಾರ್ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿದ್ದರೂ, ವರಾಂಡದಲ್ಲಿಟ್ಟರೂ ಆಗದು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ. ಮಲಗಿದವರು ಎಚ್ಚರಗೊಳ್ಳದೇ ಸಾಯುತ್ತಾರೆ. ಇದ್ದಿಲ ಒಲೆ, ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡರೂ ಇದೇ ಅನಿಲ, ಇದೇ ಗತಿ.

ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕೊಳವೆ ಮನೆಯ ಕಡೆಗೂ ಪಕ್ಕದ ಮನೆಯ ಕಡೆಗೂ ತಿರುಗದಂತೆ ಇಡಿ. ಮಳೆಗೆ ನಾಲ್ಕೂ ಬದಿ ತೆರೆದಿರುವ ಚಪ್ಪರ ಸಾಕು. ಮನೆಯವರಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಊಟದ ದೋಷ ಎಂದುಕೊಂಡು ಮಲಗಬೇಡಿ. ಎಲ್ಲರೂ ಆ ಕ್ಷಣವೇ ಹೊರಗೆ ಬಂದು ವೈದ್ಯರ ನೆರವು ಪಡೆಯಿರಿ. ಈ ಅನಿಲವನ್ನು ಪತ್ತೆ ಹಚ್ಚುವ ಬ್ಯಾಟರಿ ಅಲಾರಂ ಸಿಗುತ್ತದೆ. ಜನರೇಟರ್ ಕೊಳ್ಳುವವರು ಅದನ್ನೂ ಜೊತೆಗೇ ಕೊಳ್ಳಬೇಕು.

ಪೆಟ್ರೋಲ್ ತುಂಬುವ ಮೊದಲು ಯಂತ್ರ ನಿಲ್ಲಿಸಿ, ತಣ್ಣಗಾಗಲು ಬಿಡಿ. ಕಾದ ಸೈಲೆನ್ಸರಿನ ಮೇಲೆ ಚೆಲ್ಲಿದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ವೈರನ್ನು ಸುತ್ತಿದ ಸುರುಳಿಯಲ್ಲೇ ಬಳಸಿದರೆ ಒಳಗೆ ಕಾವು ಏರಿ ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಬಿಚ್ಚಿಯೇ ಬಳಸಿ.

ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟರೆ ಇಡೀ ಮನೆಗೆ ಕರೆಂಟ್ ಬರುತ್ತದಂತೆ?

ಬರುತ್ತದೆ. ಜೊತೆಗೆ ಬೀದಿಯ ಲೈನಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುವ ಸಾಧನ. ನಿಮ್ಮ ಮನೆಯ 230 ವೋಲ್ಟ್ ಅದರ ಮೂಲಕ ಹಿಂದಕ್ಕೆ ಹೋದರೆ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಬಲಿಯಾಗಬಹುದು. ನಿಮ್ಮ ಮನೆಗೆ ಬೆಳಕು ತರಲು ಬಂದವನ ಜೀವ ಅದು. ಪ್ಲಗ್ಗಿನ ಒಂದು ತುದಿ ಕಳಚಿದರೆ ಹೊರಗೆ ಕಾಣುವ ಪಿನ್ನುಗಳಲ್ಲಿ ಕರೆಂಟ್ ಇರುತ್ತದೆ, ಮಕ್ಕಳ ಕೈಗೆ ಅದು ಸಿಗುವುದು ಸುಲಭ. ಇಡೀ ಮನೆಗೆ ಬೇಕಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಬೀದಿಯ ಲೈನಿನಿಂದ ಬಿಡಿಸಿ ಜನರೇಟರಿಗೆ ಜೋಡಿಸುವ ಸ್ವಿಚ್) ಹಾಕಿಸಿ. ಇಲ್ಲವೆಂದರೆ ಬೇಕಾದ ಉಪಕರಣವನ್ನು ಜನರೇಟರಿಗೇ ನೇರವಾಗಿ ಸಿಕ್ಕಿಸಿ.

ಪಕ್ಕದ ಬೀದಿಗೆ ನಿನ್ನೆಯೇ ಬಂತು. ನಮಗೇಕೆ ಇನ್ನೂ ಇಲ್ಲ?

ದುರಸ್ತಿ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಮೊದಲು ದೊಡ್ಡ ಪ್ರಸರಣ ಲೈನು, ಸಬ್‌ಸ್ಟೇಷನ್. ಆಮೇಲೆ ಆಸ್ಪತ್ರೆ, ನೀರಿನ ಪಂಪುಗಳಿರುವ ಫೀಡರುಗಳು, ಅಂದರೆ ಸಬ್‌ಸ್ಟೇಷನ್ನಿನಿಂದ ಬಡಾವಣೆಗಳಿಗೆ ಹೊರಡುವ ಲೈನುಗಳು. ನಂತರ ಉಳಿದ ಫೀಡರ್, ಟ್ರಾನ್ಸ್‌ಫಾರ್ಮರ್, ಕೊನೆಗೆ ಒಂದೊಂದು ಮನೆಯ ಸರ್ವೀಸ್ ವೈರು. ಎದುರುಬದುರಿನ ಎರಡು ಬೀದಿಗಳು ಬೇರೆ ಬೇರೆ ಫೀಡರಿಗೆ ಸೇರಿರಬಹುದು. ಒಂದೇ ಟ್ರಾನ್ಸ್‌ಫಾರ್ಮರಿನ ಮೂರು ಫೇಸುಗಳಲ್ಲಿ ಒಂದು ಮಾತ್ರ ಹೋಗಿದ್ದರೆ, ಸಾಲಾಗಿರುವ ಮನೆಗಳಲ್ಲೇ ಕೆಲವಕ್ಕೆ ಇದ್ದು ಕೆಲವಕ್ಕೆ ಇರುವುದಿಲ್ಲ.

ದೂರು ಕೊಡುವ ಮೊದಲು ನಿಮ್ಮ ಮೇನ್ ಸ್ವಿಚ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ನೋಡಿಕೊಳ್ಳಿ. ದೂರಿನಲ್ಲಿ ಕಂಬದ ಸಂಖ್ಯೆ, ಕಣ್ಣಾರೆ ಕಂಡದ್ದು, ಎಷ್ಟು ಮನೆಗೆ ಇಲ್ಲ ಎಂಬುದನ್ನು ಹೇಳಿ. ಏನು ಕಂಡಿರಿ ಎಂದರೆ, ಮರ ತಂತಿಯ ಮೇಲೆ ಒರಗಿದೆ, ಕಂಬ ಮುರಿದಿದೆ, ಟ್ರಾನ್ಸ್‌ಫಾರ್ಮರಿನಲ್ಲಿ ಸದ್ದು ಬಂತು ಎಂಬಂಥ ವಿವರ. “ಕರೆಂಟಿಲ್ಲ” ಎನ್ನುವ ನೂರು ಕರೆಗಳಿಗಿಂತ ಇಂಥ ಒಂದು ಕರೆ ಸಿಬ್ಬಂದಿಯನ್ನು ಬೇಗ ಸರಿಯಾದ ಜಾಗಕ್ಕೆ ತಲುಪಿಸುತ್ತದೆ.

ನಮ್ಮ ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ?

ಲೆಕ್ಕ ಹಾಕೋಣ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆ. ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಕುಗ್ಗುವುದರಿಂದ ಬಳಸಬೇಕಾದ್ದು 900. ಇನ್ವರ್ಟರಿನಲ್ಲೇ ನೂರಕ್ಕೆ 15ರಷ್ಟು ನಷ್ಟವಾದರೆ ಕೈಗೆ ಸಿಗುವುದು ಸುಮಾರು 760. 75 ವ್ಯಾಟಿನ ಒಂದು ಸೀಲಿಂಗ್ ಫ್ಯಾನ್, 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, 10 ವ್ಯಾಟಿನ ವೈಫೈ ರೂಟರ್ ಸೇರಿದರೆ 103 ವ್ಯಾಟ್. ಏಳು ಗಂಟೆ ಬರುತ್ತದೆ. ಅದೇ ಫ್ಯಾನ್ ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಬಗೆಯದಾಗಿದ್ದರೆ ಹದಿಮೂರು ಗಂಟೆ! ಬ್ಯಾಟರಿ ಹಳೆಯದಾದಷ್ಟೂ ಈ ಲೆಕ್ಕದಿಂದ ಕಳೆಯುತ್ತಾ ಹೋಗಿ.

ಫ್ಯಾನ್ ಒಂದೇ ಕೋಣೆಯಲ್ಲಿ ಓಡಲಿ, ಎಲ್ಲರೂ ಅಲ್ಲೇ ಮಲಗಿ. ಮಿಕ್ಸಿ, ಇಸ್ತ್ರಿ, ಗೀಸರ್, ಪಂಪ್ ಬೇಡ. ಬ್ಯಾಟರಿ ಪೂರ್ತಿ ಬರಿದಾಗಿ ದಿನಗಟ್ಟಲೆ ಹಾಗೇ ಇದ್ದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಕಡಿಮೆ ಬ್ಯಾಟರಿಯ ಸದ್ದು ಬಂದ ಕೂಡಲೇ ಇನ್ವರ್ಟರನ್ನೇ ಆಫ್ ಮಾಡಿಡಿ.

ಮೊಬೈಲ್ ಚಾರ್ಜ್ ಉಳಿಸುವುದು ಹೇಗೆ?

ಸಿಗ್ನಲ್ ದುರ್ಬಲವಾದಾಗ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು, ಗೊತ್ತುಮಾಡಿಕೊಂಡ ಹೊತ್ತಿನಲ್ಲಿ, ಉದಾಹರಣೆಗೆ ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6ಕ್ಕೆ, ಹತ್ತು ನಿಮಿಷ ಆನ್ ಮಾಡಿ. ಈ ವೇಳೆಯನ್ನು ಬಂಧುಗಳಿಗೂ ತಿಳಿಸಿರಿ. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. 10,000 ಎಂಎಎಚ್ ಪವರ್ ಬ್ಯಾಂಕಿನಿಂದ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಬಹುದು ಎಂದುಕೊಳ್ಳುತ್ತೇವೆ. ವೋಲ್ಟೇಜ್ ಬದಲಾವಣೆಯ ನಷ್ಟ ಕಳೆದರೆ ಒಂದೂವರೆ ಸಲ ಅಷ್ಟೇ. ಟವರುಗಳ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಮುಗಿಯುವುದರಿಂದ ಸೆಲ್ ಹಾಕುವ ರೇಡಿಯೊ ಒಂದು ಮನೆಯಲ್ಲಿರಲಿ.

ಫ್ರಿಜ್ಜಿನಲ್ಲಿರುವ ಆಹಾರ ಎಷ್ಟು ಹೊತ್ತು ತಡೆಯುತ್ತದೆ?

ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನಲ್ಲಿ 4 ಗಂಟೆ. ಪ್ರತ್ಯೇಕ ಡೀಪ್ ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಹಾಲು, ಮಾಂಸ, ಮೀನು, ಬೇಯಿಸಿಟ್ಟ ಅಡುಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವಿನಲ್ಲಿ ಎರಡು ಗಂಟೆಗೂ ಮೀರಿ ಇದ್ದರೆ ಚೆಲ್ಲಿ. ಬೆಣ್ಣೆ, ಜಾಮ್, ಕತ್ತರಿಸದ ಹಣ್ಣು ತರಕಾರಿಗೆ ಏನೂ ಆಗುವುದಿಲ್ಲ. ಫ್ರೀಜರಿನ ಪದಾರ್ಥದಲ್ಲಿ ಇನ್ನೂ ಮಂಜಿನ ಹರಳು ಇದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು.

“ಚೆನ್ನಾಗಿ ಕುದಿಸಿದರೆ ಸರಿಹೋಗುತ್ತದೆ” ಎಂಬ ನಂಬಿಕೆಯೇ ಹೆಚ್ಚು ಜನರನ್ನು ಕೆಡಿಸುವುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ನಿಜ, ಆದರೆ ಅನ್ನದಂಥ ಪದಾರ್ಥದಲ್ಲಿ ಅವು ಆಗಲೇ ಬಿಟ್ಟಿರುವ ಕೆಲವು ವಿಷಗಳು ಕುದಿತಕ್ಕೆ ಜಗ್ಗುವುದಿಲ್ಲ. ರುಚಿ ನೋಡಿ, ಮೂಸಿ ತೀರ್ಮಾನಿಸುವುದೂ ಸಲ್ಲದು. ಮನೆ ಬಿಟ್ಟು ಹೋಗುವವರು ಒಂದು ಲೋಟದಲ್ಲಿ ನೀರು ಗಡ್ಡೆಕಟ್ಟಿಸಿ, ಮೇಲೊಂದು ನಾಣ್ಯವಿಟ್ಟು ಫ್ರೀಜರಿನಲ್ಲಿ ಬಿಡಿ. ಮರಳಿ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಮಂಜು ಪೂರ್ತಿ ಕರಗಿತ್ತು ಎಂದೇ ಅರ್ಥ.

ಇನ್ಸುಲಿನ್ ಕೆಡುತ್ತದೆಯೇ?

ತಕ್ಷಣ ಕೆಡುವುದಿಲ್ಲ, ಗಾಬರಿ ಬೇಡ. ಬಹುಪಾಲು ಇನ್ಸುಲಿನ್‌ಗಳು 30 ಡಿಗ್ರಿ ಒಳಗೆ ನಾಲ್ಕು ವಾರ ತಡೆಯುತ್ತವೆ. ನಿಮ್ಮದರ ಅವಧಿಯನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ನೋಡಿಕೊಳ್ಳಿ. ಸೆಕೆಯಿದ್ದರೆ ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಔಷಧವನ್ನು ನೀರು ತಾಗದ ಚೀಲದಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ಗಾಳಿಯಲ್ಲಿ ತೇವ ತುಂಬಿದ್ದರೆ ಈ ಉಪಾಯ ಅಷ್ಟಾಗಿ ತಂಪು ಮಾಡುವುದಿಲ್ಲ. ಜನ ಮಾಡುವ ದೊಡ್ಡ ತಪ್ಪೆಂದರೆ ಮಂಜುಗಡ್ಡೆಗೆ ನೇರವಾಗಿ ತಾಗಿಸಿಡುವುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬಳಸುವ ರೋಗಿ ಇದ್ದಾರೆ.

ಅಂಥವರು ಕರೆಂಟ್ ಬರಲಿ ಎಂದು ಕಾಯಬಾರದು. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರಕ್ಕೆ 300 ವ್ಯಾಟಿನ ಆಸುಪಾಸು ಬೇಕು, ಮೇಲೆ ಲೆಕ್ಕ ಹಾಕಿದ ಬ್ಯಾಟರಿ ಎರಡೂವರೆ ಗಂಟೆಗೆ ಮುಗಿಯುತ್ತದೆ. ಸಿಲಿಂಡರಿನಲ್ಲಿ 1,500 ಲೀಟರ್ ಅನಿಲವಿದ್ದು ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡೂವರೆ ಗಂಟೆ ಬರುತ್ತದೆ. ಅದು ಅರ್ಧವಾಗುವ ಹೊತ್ತಿಗೆ ಆಸ್ಪತ್ರೆಗೆ ಸಾಗಿಸುವ ವಾಹನ ಗೊತ್ತುಮಾಡಿಕೊಂಡಿರಬೇಕು. ಸಿಲಿಂಡರ್ ಇರುವ ಕೋಣೆಯಲ್ಲಿ ಮೇಣದಬತ್ತಿ, ದೀಪ, ಬೀಡಿ ಸಿಗರೇಟು ಯಾವುದೂ ಸಲ್ಲದು.

ಕುಡಿಯುವ ನೀರಿಗೆ ಏನು ಮಾಡುವುದು?

ಪಂಪ್ ಓಡದೇ ಕೊಳವೆಯಲ್ಲಿ ಒತ್ತಡ ಕುಸಿದರೆ ಬಿರುಕುಗಳಿಂದ ಹೊರಗಿನ ಕೊಳೆನೀರು ಒಳಗೆ ಸೇರುತ್ತದೆ. ನಲ್ಲಿ ನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ. ಗುಳ್ಳೆ ಎದ್ದು ಕುದಿಯತೊಡಗಿದ ಮೇಲೆ 1 ನಿಮಿಷ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದ ಊರಾದರೆ 3 ನಿಮಿಷ. ಒಲೆಯಿಲ್ಲದಿದ್ದರೆ ಸುವಾಸನೆ ಬೆರೆಸದ, ನೂರಕ್ಕೆ 5ರಿಂದ 6ರಷ್ಟು ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣವನ್ನು ಲೀಟರಿಗೆ 2 ಹನಿ ಹಾಕಿ ಕಲಕಿ, 30 ನಿಮಿಷ ಬಿಡಿ. ಮಬ್ಬು ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ, 4 ಹನಿ ಹಾಕಿ. ದಿನಕ್ಕೆ ತಲೆಗೆ ಕನಿಷ್ಠ 4 ಲೀಟರ್ ಲೆಕ್ಕದಲ್ಲಿ ಕೂಡಿಡಿ.

ಮೇಣದಬತ್ತಿ ಸಾಲದೇ?

ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿ ಅದರ ಮೇಲೆ ನೀರು ತುಂಬಿದ ಪಾರದರ್ಶಕ ಬಾಟಲಿ ಇಟ್ಟರೆ ಕೋಣೆಗೆಲ್ಲ ಬೆಳಕು ಹರಡುತ್ತದೆ.

ಚಾವಣಿಯ ಮೇಲೆ ಸೋಲಾರ್ ಇದೆ, ಬಿಸಿಲೂ ಇದೆ. ಆದರೂ ಮನೆ ಕತ್ತಲು. ಕೆಟ್ಟಿದೆಯೇ?

ಕೆಟ್ಟಿಲ್ಲ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಇದೂ ಲೈನ್‌ಮನ್ ರಕ್ಷಣೆಗೇ. ಆದರೆ ಗಾಳಿಗೆ ಫಲಕ ಸಡಿಲಗೊಂಡಿದ್ದರೆ, ಗಾಜು ಒಡೆದಿದ್ದರೆ ಮುಟ್ಟಬೇಡಿ. ಬಿಸಿಲಿರುವ ತನಕ ಅದರ ತಂತಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಕರೆಂಟ್ ಬಂದೊಡನೆ ಏನು ಮಾಡಬೇಕು?

ಅದಕ್ಕೂ ಮೊದಲೇ ಕೆಲಸವಿದೆ. ಕರೆಂಟ್ ಹೋದಾಗಲೇ ಫ್ರಿಜ್ಜು, ಟಿವಿ, ಕಂಪ್ಯೂಟರ್, ಎಸಿ ಪ್ಲಗ್‌ಗಳನ್ನು ಕಿತ್ತಿಡಿ. ಒಲೆ, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆಫ್ ಆಗಿದೆಯೇ ನೋಡಿ. ಒಂದು ಬಲ್ಬು ಮಾತ್ರ ಆನ್ ಇರಲಿ. ಕರೆಂಟ್ ಬಂದ ಮೇಲೆ ಹತ್ತು ಹದಿನೈದು ನಿಮಿಷ ಆ ಬಲ್ಬನ್ನು ಗಮನಿಸಿ. ಮೊದಲ ಕೆಲವು ನಿಮಿಷ ಬಂದು ಹೋಗಿ ಮಾಡುವುದು ಸಾಮಾನ್ಯ, ಫ್ರಿಜ್ಜಿನ ಕಂಪ್ರೆಸರ್ ಸುಡುವುದು ಆಗಲೇ. ಸ್ಥಿರವಾದ ಮೇಲೆ ಒಂದೊಂದಾಗಿ ಚಾಲೂ ಮಾಡಿ.

ಬಲ್ಬುಗಳು ಒಂದು ಕೋಣೆಯಲ್ಲಿ ಕಣ್ಣು ಕುಕ್ಕುವಂತೆ, ಇನ್ನೊಂದರಲ್ಲಿ ಮಂಕಾಗಿ ಉರಿದರೆ, ಅಥವಾ ಫ್ಯಾನ್ ಎಂದಿಲ್ಲದ ವೇಗದಲ್ಲಿ ತಿರುಗಿದರೆ, ತಡಮಾಡದೆ ಮೇನ್ ಸ್ವಿಚ್ ಆಫ್ ಮಾಡಿ. ಬಿರುಗಾಳಿಗೆ ನ್ಯೂಟ್ರಲ್ ತಂತಿ (ಕರೆಂಟ್ ಹಿಂತಿರುಗುವ ತಂತಿ) ಕಡಿದಿರುವ ಲಕ್ಷಣ ಅದು. ಮೂರು ಫೇಸಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಹೋದರೆ 230 ಇರಬೇಕಾದ ಕಡೆ 400 ವೋಲ್ಟಿನ ಹತ್ತಿರಕ್ಕೆ ಏರಬಹುದು, ಸಾಮಾನ್ಯ ಎಂಸಿಬಿ ಅದನ್ನು ತಡೆಯುವುದಿಲ್ಲ. ಬೀದಿಯಲ್ಲಿ ಮನೆಮನೆಯ ಟಿವಿ ಒಟ್ಟಿಗೇ ಸುಟ್ಟುಹೋಗುವುದು ಹೀಗೆ. ಗೋಡೆ, ಸಾಕೆಟ್, ಮೀಟರ್ ಪೆಟ್ಟಿಗೆ ನೆನೆದಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಮುಟ್ಟಬೇಡಿ.

ಆಕಾಶ ತಿಳಿಯಾಗಿದೆ, ಬಿಸಿಲು ಬಂದಿದೆ. ಶಾಲೆಗೆ ಇನ್ನೂ ಯಾಕೆ ರಜೆ?

ಮಳೆ ಗಾಳಿ ನಿಂತ ಮಾತ್ರಕ್ಕೆ ಶಾಲೆ ಸಿದ್ಧವಾಗುವುದಿಲ್ಲ. ಪಂಪ್ ಓಡದೆ ಶೌಚಾಲಯಕ್ಕೆ ನೀರಿಲ್ಲದಿದ್ದರೆ ನೂರಾರು ಮಕ್ಕಳನ್ನು ಒಂದೆಡೆ ಸೇರಿಸುವುದೇ ರೋಗಕ್ಕೆ ದಾರಿ. ಮೊಳೆ ಸಡಿಲಗೊಂಡ ಚಾವಣಿ ಶೀಟು ಮುಂದಿನ ಸಣ್ಣ ಗಾಳಿಗೂ ಹಾರುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಕಾಂಪೌಂಡ್ ಗೋಡೆ ಮತ್ತು ಮರ. ಬುಡದ ಮಣ್ಣು ನೆನೆದು ಸಡಿಲವಾಗಿರುವುದರಿಂದ ಅವು ಒಂದೆರಡು ದಿನ ನೆಟ್ಟಗೇ ನಿಂತಿದ್ದು ಆಮೇಲೆ ಉರುಳಬಹುದು. ಶಾಲೆಯ ಕಟ್ಟಡದಲ್ಲೇ ಮನೆ ಕಳೆದುಕೊಂಡವರಿಗೆ ಆಶ್ರಯ ಕೊಟ್ಟಿರುವುದೂ ಉಂಟು.

ರಜೆಯ ಸುದ್ದಿಯನ್ನು ಶಾಲೆಯಿಂದ ಅಥವಾ ಆಡಳಿತದ ಪ್ರಕಟಣೆಯಿಂದಲೇ ಖಚಿತಪಡಿಸಿಕೊಳ್ಳಿ. ಕಳೆದ ವರ್ಷದ ಆದೇಶದ ಚಿತ್ರ ಮತ್ತೆ ಓಡಾಡುವುದು ಮಾಮೂಲು, ಮೂಲೆಯಲ್ಲಿರುವ ದಿನಾಂಕ ನೋಡದೆ ಮುಂದೆ ಕಳಿಸಬೇಡಿ.

ನಾವಿಬ್ಬರೂ ಕೆಲಸಕ್ಕೆ ಹೋಗಲೇಬೇಕು. ಮಕ್ಕಳನ್ನು ಹೇಗೆ ಬಿಟ್ಟುಹೋಗುವುದು?

ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ದಿನಕ್ಕೊಬ್ಬರಂತೆ ದೊಡ್ಡವರೊಬ್ಬರು ಮನೆಯಲ್ಲಿರುವ ಏರ್ಪಾಡು ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಕರೆಂಟಿಲ್ಲದ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಹತ್ತು ಹನ್ನೆರಡು ವರ್ಷದ ಅಕ್ಕನ ಸುಪರ್ದಿಗೆ ಬಿಡುವುದು ಸರಿಯಲ್ಲ. ಒಲೆ, ದೀಪ, ಜನರೇಟರ್ ಮೂರನ್ನೂ ಆ ಮಗುವಿನ ತಲೆಗೆ ಕಟ್ಟಿದಂತಾಗುತ್ತದೆ.

ಬಿಡುವ ಮುನ್ನ ಮಕ್ಕಳನ್ನು ಕರೆದುಕೊಂಡು ಬೀದಿಯಲ್ಲಿ ಒಂದು ಸುತ್ತು ಹಾಕಿ. ಇಲ್ಲಿ ತಂತಿ ಜೋತಿದೆ, ಆ ಕೊಂಬೆ ಅರ್ಧ ಮುರಿದು ಮೇಲೆ ಸಿಕ್ಕಿಕೊಂಡಿದೆ, ಈ ಗುಂಡಿಯ ನೀರು ಎಷ್ಟು ಆಳವೋ ತಿಳಿಯದು, ಇದರಾಚೆ ಹೋಗಬಾರದು ಎಂದು ಬೆರಳು ಮಾಡಿ ತೋರಿಸಿ. ಮನೆಯಲ್ಲಿ ಕೂತು ಹೇಳಿದ ಎಚ್ಚರಿಕೆಗಿಂತ ಇದು ಅವರ ನೆನಪಿನಲ್ಲಿ ನಿಲ್ಲುತ್ತದೆ. ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊಬೈಲ್ ಸತ್ತರೆ ಅದರಲ್ಲಿರುವ ನಂಬರೂ ಸತ್ತಂತೆ.

ಪಾಠ ಹಿಂದೆ ಬೀಳುವುದಿಲ್ಲವೇ?

ಮೂರು ನಾಲ್ಕು ದಿನದಲ್ಲಿ ಏನೂ ಮುಳುಗುವುದಿಲ್ಲ. ಮನೆಯಲ್ಲಿ ಶಾಲೆಯ ವೇಳಾಪಟ್ಟಿಯನ್ನೇ ನಡೆಸಲು ಹೋಗಿ ಎಲ್ಲರೂ ಸಿಡಿಮಿಡಿಗೊಳ್ಳುವುದಕ್ಕಿಂತ, ಬೆಳಿಗ್ಗೆ ಕಿಟಕಿಯ ಬೆಳಕು ಚೆನ್ನಾಗಿರುವಾಗ ಒಂದು ಹೊತ್ತು ಓದು ಸಾಕು. ಚಿಕ್ಕ ತರಗತಿಗೆ ಅರ್ಧ ಗಂಟೆ, ಹೈಸ್ಕೂಲಿನವರಿಗೆ ಎರಡು ಗಂಟೆ. ಹೊಸ ಪಾಠ ಬೇಡ, ಆಗಿರುವುದರ ಲೆಕ್ಕ ಬಿಡಿಸಲಿ, ಗಟ್ಟಿಯಾಗಿ ಓದಲಿ. ಇನ್ವರ್ಟರಿನ ಲೆಕ್ಕವನ್ನೇ ಏಳನೇ ತರಗತಿಯ ಮಗುವಿಗೆ ಕೊಟ್ಟು ನೋಡಿ.

ಶಿಕ್ಷಕರಿಗೊಂದು ಕೋರಿಕೆ: ಈ ದಿನಗಳಲ್ಲಿ ಆನ್‌ಲೈನ್ ತರಗತಿ ನಡೆಸಿ ಹಾಜರಿ ಹಾಕಬೇಡಿ. ಕರೆಂಟ್ ಇರುವ ಮನೆಯ ಮಗು ಮುಂದೆ ಹೋಗಿ, ಮನೆಯ ಹಂಚು ಹಾರಿದ ಮಗು ಗೈರುಹಾಜರಿಯ ಪಟ್ಟಿ ಸೇರುತ್ತದೆ. ಕಳಿಸುವುದಿದ್ದರೆ ದೊಡ್ಡ ಪಿಡಿಎಫ್, ವಿಡಿಯೊ ಬಿಟ್ಟು, ದಿನಕ್ಕೊಂದು ಚಿಕ್ಕ ಸಂದೇಶ ಕಳಿಸಿ. ಯಾವ ಪುಟ, ಯಾವ ಲೆಕ್ಕ ಎಂದಷ್ಟೇ ಇದ್ದರೂ ಸಾಕು.

ಪಠ್ಯಪುಸ್ತಕಗಳು ನೆನೆದಿವೆ. ಉಳಿಸಬಹುದೇ?

ಸಾಮಾನ್ಯ ಕಾಗದದ್ದಾದರೆ ಉಳಿಯುತ್ತವೆ. ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಹತ್ತಿಪ್ಪತ್ತು ಹಾಳೆಗೊಂದರಂತೆ ನೀರು ಹೀರುವ ಕಾಗದ ಸೇರಿಸಿ, ಅದು ಒದ್ದೆಯಾದಂತೆ ಬದಲಿಸುತ್ತಾ ನೆರಳಿನಲ್ಲಿ ಗಾಳಿಗಿಡಿ. ಎರಡು ದಿನ ಒದ್ದೆಯಾಗೇ ಬಿದ್ದಿದ್ದರೆ ಬೂಷ್ಟು ಹಿಡಿಯುತ್ತದೆ. ನುಣುಪು ಹಾಳೆಯ ಪುಸ್ತಕವನ್ನು ಹಸಿಯಿರುವಾಗಲೇ ಹಾಳೆ ಹಾಳೆ ಬಿಡಿಸಬೇಕು, ಒಣಗಿದ ಮೇಲೆ ಅಂಟಿಕೊಂಡ ಹಾಳೆ ಹರಿಯದೆ ಬಿಡುವುದಿಲ್ಲ. ಕೊಳಚೆ ನೀರಿನಲ್ಲಿ ನೆನೆದದ್ದನ್ನು ಮಕ್ಕಳ ಕೈಗೆ ಕೊಡಬೇಡಿ, ಶಾಲೆಗೆ ಪಟ್ಟಿ ಕೊಟ್ಟು ಬೇರೆ ಕೇಳಿ.

ಶಾಲೆ ತೆರೆಯುವ ಮೊದಲು ಮುಖ್ಯಶಿಕ್ಷಕರು ಏನೇನು ನೋಡಬೇಕು?

ಮಕ್ಕಳು ಬರುವ ಹಿಂದಿನ ದಿನ, ಹಗಲು ಹೊತ್ತಿನಲ್ಲಿ, ಇಬ್ಬರು ಸೇರಿ ಸುತ್ತಿ ನೋಡಿ. ಮರದ ಬುಡದಲ್ಲಿ ಗಾಳಿ ಬೀಸಿ ಬಂದ ಬದಿಯ ಮಣ್ಣು ಬಿರಿದು ಮೇಲೆದ್ದಿದ್ದರೆ ಬೇರು ಕಿತ್ತಿದೆ ಎಂದು ತಿಳಿಯಿರಿ. ಆ ಮರದ ಎತ್ತರದ ಒಂದೂವರೆಯಷ್ಟು ದೂರಕ್ಕೆ ಹಗ್ಗ ಕಟ್ಟಿ. ಕಾಂಪೌಂಡ್ ಗೋಡೆ ವಾಲಿದ್ದರೆ, ಹೊಸ ಬಿರುಕು ಕಂಡರೆ ಅಲ್ಲಿಗೂ ಹಗ್ಗ. ಮೇನ್ ಆನ್ ಮಾಡುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ವೈರಿಂಗ್, ಅರ್ತಿಂಗ್ ನೋಡಿಸಿ. ಶಾಕ್ ತಡೆಯುವ ಆರ್‌ಸಿಸಿಬಿ ಇದ್ದರೆ ಆನ್ ಮಾಡಿದ ಮೇಲೆ ಅದರ ಟೆಸ್ಟ್ ಗುಂಡಿ ಒತ್ತಿ, ಟ್ರಿಪ್ ಆಗದಿದ್ದರೆ ಬದಲಿಸಿ. ನೀರಿನ ಟ್ಯಾಂಕಿನ ಮುಚ್ಚಳ ಹಾರಿದೆಯೇ ಎಂದು ಮೇಲೆ ಹತ್ತಿಯೇ ನೋಡಬೇಕು. ಹಾರಿದ್ದರೆ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿ ತುಂಬಿಸಿ. ಆಟದ ಮೈದಾನದಲ್ಲಿ ಗಾಜಿನ ಚೂರು, ಶೀಟಿನ ಮೊಳೆ ಹುಲ್ಲಿನಲ್ಲಿ ಅಡಗಿರುತ್ತವೆ. ಗುಡಿಸಿ ಆಗುವವರೆಗೆ ಬರಿಗಾಲಿನ ಆಟ ಬೇಡ.

ಗಾಳಿಯ ಸದ್ದು ಕೇಳಿದರೆ ಮಗು ಬೆಚ್ಚುತ್ತದೆ, ಶಾಲೆಗೆ ಹೋಗಲು ಅಳುತ್ತದೆ.

ಇಂಥ ರಾತ್ರಿ ಕಂಡ ಮಗುವಿಗೆ ಹಾಗಾಗುವುದು ಸಹಜ. ಹಾಸಿಗೆ ಒದ್ದೆ ಮಾಡುವುದು, ಸೆರಗು ಬಿಡದೆ ಅಂಟಿಕೊಳ್ಳುವುದು, ಕಾರಣವಿಲ್ಲದೆ ಹೊಟ್ಟೆನೋವೆನ್ನುವುದು ಕೆಲವು ವಾರ ಇರಬಹುದು, ಗದರಬೇಡಿ. “ಇನ್ನೆಂದೂ ಗಾಳಿ ಬರುವುದಿಲ್ಲ” ಎಂಬ ಸುಳ್ಳು ಭರವಸೆಯೂ ಬೇಡ. ಬಂದರೆ ನಾವು ಏನು ಮಾಡುತ್ತೇವೆ, ಯಾವ ಕೋಣೆಯಲ್ಲಿ ಕೂರುತ್ತೇವೆ, ಟಾರ್ಚು ಎಲ್ಲಿದೆ ಎಂದು ತೋರಿಸಿ. ಟಾರ್ಚಿನ ಸೆಲ್ ನೋಡುವುದನ್ನೋ ನೀರಿನ ಬಾಟಲಿ ತುಂಬುವುದನ್ನೋ ಆ ಮಗುವಿನದೇ ಕೆಲಸವೆಂದು ಒಪ್ಪಿಸಿ. ಕೈಗೊಂದು ಕೆಲಸ ಸಿಕ್ಕಾಗ ಹೆದರಿಕೆ ಹಿಡಿತಕ್ಕೆ ಬರುತ್ತದೆ. ಮೊದಲ ದಿನ ಶಾಲೆಯ ಬಾಗಿಲ ತನಕ ಜೊತೆಗೆ ಹೋಗಿ, ನಿದ್ದೆ ಕೆಡುತ್ತಿದೆ ಎಂದು ಶಿಕ್ಷಕರ ಕಿವಿಗೆ ಹಾಕಿ. ಒಂದು ತಿಂಗಳು ಕಳೆದರೂ ನಿದ್ದೆ, ಊಟ, ಆಟ ಮೊದಲಿನಂತಾಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.